ಟಿವಿ ಕಾರ್ಯಕ್ರಮದ ಪಟ್ಟೀನೂ ಉಳಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಹಳೇ ಸಂಚಿಕೆಗಳನ್ನ ಸ್ಕ್ಯಾನ್ ಮಾಡಿಸೋವಾಗ ದಯವಿಟ್ಟು ಟಿವಿ ಕಾರ್ಯಕ್ರಮಗಳ ಪಟ್ಟಿ ಬರ್ತಿದ್ದ ಪುಟಾನ ಬಿಡಬೇಡಿ. ಯಾಕೆ ಕೇಳ್ತಿದೀನಿ ಅಂದ್ರೆ, ‘ಸವಾಲ್ ದಸ್ ಕರೋಡ್ ಕಾ’ ಅಂತ ಜೀ ಟಿವೀಲಿ ಒಂದು ಗೇಮ್ ಶೋ ಬರ್ತಿತ್ತು, ಅದು ಯಾವತ್ತಿಂದ ಯಾವತ್ತಿನವರೆಗೆ ಪ್ರಸಾರ ಆಯ್ತು ಅಂತ ನಾನು ಹುಡುಕ್ತಾ ಇದೀನಿ.

2000ದ ಜುಲೈ 3ಕ್ಕೆ ಸ್ಟಾರ್ ಪ್ಲಸ್‌ನಲ್ಲಿ ಅಮಿತಾಭ್ ಬಚ್ಚನ್ ಅವರ ‘ಕೌನ್ ಬನೇಗಾ ಕರೋಡ್‌ಪತಿ’ (ಕೆಬಿಸಿ) ಶುರುವಾಯ್ತಲ್ಲ, ರಾತ್ರಿ ಒಂಬತ್ತಾದ್ರೆ ಜನ ಬೇರೆ ಚಾನೆಲ್ ಕಡೆ ತಿರುಗಿ ನೋಡ್ತಿರಲಿಲ್ಲ, ಅಲ್ಲಿವರೆಗೆ ಮುಂದಿದ್ದ ಜೀ ಟಿವಿಗೆ ದೊಡ್ಡ ಪೆಟ್ಟು ಬಿತ್ತು, ಅದಕ್ಕೆ ಜವಾಬು ಅಂತ ಅದೇ ವರ್ಷ ಅಕ್ಟೋಬರ್‌ನಲ್ಲಿ ಅನುಪಮ್ ಖೇರ್, ಮನೀಷಾ ಕೊಯಿರಾಲ ಇಬ್ಬರನ್ನೂ ನಿರೂಪಕರಾಗಿ ಕೂರಿಸಿ ಈ ಶೋ ತಂದ್ರು. ಅವರ ಬಹುಮಾನ ಒಂದು ಕೋಟಿ, ಇವರದು ಹತ್ತು ಕೋಟಿ! ಆದ್ರೂ ಓಡಲಿಲ್ಲ. ಆಮೇಲೆ ಆಶುತೋಷ್ ರಾಣಾ ಬಂದ್ರು, 2001ರಲ್ಲಿ ಶೋ ನಿಂತೇಹೋಯ್ತು.

ಶುರುವಾಗಿದ್ದು ಗೊತ್ತಾಗತ್ತೆ, ಜಾಹೀರಾತು ಇರತ್ತೆ, ಸುದ್ದಿ ಇರತ್ತೆ. ನಿಂತಿದ್ದನ್ನ ಯಾರೂ ಡಂಗುರ ಹೊಡೆಯಲ್ಲ, ಒಂದು ದಿನ ಪೇಪರ್‌ನ ಪಟ್ಟೀಲಿ ಆ ಟೈಮಿಗೆ ಬೇರೆ ಕಾರ್ಯಕ್ರಮದ ಹೆಸರು ಇರತ್ತೆ ಅಷ್ಟೇ. ಅದನ್ನ ಹಿಡೀಬೇಕು ಅಂದ್ರೆ ದಿನದಿನದ ಪಟ್ಟಿ ನೋಡ್ತಾ ಹೋಗಬೇಕು, ಮಧ್ಯಾಹ್ನದ ಮರುಪ್ರಸಾರ ಯಾವ್ದು ಹೊಸ ಕಂತು ಯಾವ್ದು ಅಂತ ಬೇರೆ ಮಾಡ್ಕೋಬೇಕು. ಪಟ್ಟೀಲಿ ಇದ್ದಿದ್ದೆಲ್ಲ ಪ್ರಸಾರ ಆಗಿರತ್ತೆ ಅಂತಾನೂ ಇಲ್ಲ, ಚಾನೆಲ್‌ನವರು ಮುಂಚೆ ಕಳಿಸಿದ್ದು ಅಚ್ಚಾಗಿರತ್ತೆ, ಕೊನೇ ಗಳಿಗೇಲಿ ಬದಲಾದ್ರೆ ಅದರಲ್ಲಿ ಬರಲ್ಲ. ಆದ್ರೂ ಅದಕ್ಕಿಂತ ಒಳ್ಳೆ ಆಧಾರ ನನಗೆ ಸಿಕ್ಕಿಲ್ಲ, ಇಂಟರ್‌ನೆಟ್‌ನಲ್ಲಿ ಒಬ್ಬರದನ್ನ ಒಬ್ಬರು ಕಾಪಿ ಮಾಡಿರ್ತಾರೆ. ಟೇಪ್ ನಂಬ್ಕೊಂಡು ಕೂರೋಕೂ ಆಗಲ್ಲ, ಅಮೆರಿಕದಲ್ಲಿ ‘ಜೆಪರ್ಡಿ’ಯಂಥ ಹೆಸರುವಾಸಿ ಕ್ವಿಜ್ ಶೋದ 1964ರಿಂದ 75ರವರೆಗಿನ ಕಂತುಗಳನ್ನೇ ಬಹುಪಾಲು ಅಳಿಸಿಬಿಟ್ರು, ಟೇಪ್ ದುಬಾರಿ ಅಂತ ಅದರ ಮೇಲೇ ಬೇರೇದನ್ನ ರೆಕಾರ್ಡ್ ಮಾಡ್ತಿದ್ರು.

ನಾನು ನೋಡಿದ ಒಂದು ಲೈಬ್ರರೀಲಿ ಬೈಂಡ್ ಮಾಡೋವಾಗ ಸಿನಿಮಾ, ಟಿವಿ ಪುರವಣಿಗಳನ್ನೇ ತೆಗೆದುಬಿಟ್ಟಿದ್ರು, ತುಂಬಾ ಬೇಜಾರಾಯ್ತು. ಕೆಬಿಸಿ ಕಥೆ ಎಲ್ಲರೂ ಬರೀತಾರೆ, 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ಕನ್ನಡದ ಕೋಟ್ಯಧಿಪತಿ’ವರೆಗೂ ಅದರ ದಾರಿ ಗೊತ್ತಿದೆ. ಆದ್ರೆ ಅದರ ಎದುರಿಗೆ ನಿಂತು ಸೋತ ಶೋ ಎಷ್ಟು ದಿನ ಹೋರಾಡ್ತು, ಯಾವ ಟೈಮಿಂದ ಯಾವ ಟೈಮಿಗೆ ಹೋಯ್ತು ಅನ್ನೋದೂ ಬೇಕು.

ನಿಮ್ಮ ಬೆಂಗಳೂರು ಆವೃತ್ತಿ ಫೈಲ್‌ನಲ್ಲಿ ಪುಟ ಹರಿದಿದ್ರೆ ಬೇರೆ ಊರಿನ ಆವೃತ್ತೀಲಿ ಒಂದ್ಸಲ ನೋಡಿಸಿ. ಓದುಗರ ಮನೇಲಿ 2000–2001ರ ಪುರವಣಿ ಇದ್ರೆ ರದ್ದಿಗೆ ಹಾಕೋ ಮುಂಚೆ ಪಟ್ಟಿ ಇರೋ ಪುಟದ ಫೋಟೋ ತೆಗೆದು ಪತ್ರಿಕೆಗೆ ಕಳಿಸಿ, ತಾರೀಖು ಕಾಣೋ ಹಾಗೆ.

— ಒಬ್ಬ ಓದುಗ, ಮೈಸೂರು