ಗೇಟಿನ ವೆಲ್ಡಿಂಗ್, ಮಕ್ಕಳ ಕಣ್ಣು: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಕಳೆದ ಗುರುವಾರ ಶಾಲೆಯ ಹೊಸ ಗೇಟಿಗೆ ವೆಲ್ಡಿಂಗ್ ನಡೆಯುತ್ತಿದ್ದಾಗ ಆರನೇ ತರಗತಿಯ ಇಬ್ಬರು ಹುಡುಗರು ಊಟದ ಬಿಡುವು ಮುಗಿಯುವವರೆಗೂ ಅದನ್ನೇ ನೋಡುತ್ತ ನಿಂತಿದ್ದರು. ಸಂಜೆ ನಗುನಗುತ್ತಲೇ ಮನೆಗೆ ಹೋದರು. ರಾತ್ರಿ ಹತ್ತರ ಹೊತ್ತಿಗೆ ಇಬ್ಬರಿಗೂ ಕಣ್ಣಿಗೆ ಮರಳು ಎರಚಿದಂಥ ಉರಿ, ಒಂದೇ ಸಮನೆ ನೀರು. ದೀಪ ಹಾಕಿದರೆ ಕಣ್ಣು ಬಿಡಲಾಗುತ್ತಿರಲಿಲ್ಲವಂತೆ. ಈಗ ಪೂರ್ತಿ ಗುಣವಾಗಿದ್ದಾರೆ. ಸುತ್ತ ತಗಡು ಮರೆ ಕಟ್ಟಿಸದೆ ಕೆಲಸ ಶುರು ಮಾಡಿಸಿದ್ದು ನನ್ನ ತಪ್ಪು. ಎರಡೂ ಮನೆಗೆ ಹೋಗಿ ಕ್ಷಮೆ ಕೇಳಿದ್ದೇನೆ. ಉಳಿದ ಕೆಲಸ ಭಾನುವಾರವೇ ನಡೆಯುತ್ತದೆ.

ಅಲ್ಲಿ ಒಬ್ಬ ತಾಯಿ, "ಕಿಡಿ ಏನೂ ಸಿಡಿದಿಲ್ಲ, ದೂರ ನಿಂತಿದ್ದ, ಮತ್ತೆ ಹೇಗಾಯ್ತು ಸಾರ್?" ಎಂದು ಕೇಳಿದರು. ಆ ಪ್ರಶ್ನೆಗೇ ಈ ಪತ್ರ.

ನಮಗೆ ಕಾಣುವುದು ನೇರಳೆಯಿಂದ ಕೆಂಪಿನವರೆಗಿನ ಬೆಳಕಷ್ಟೆ. ನೇರಳೆಯ ಆಚೆಗೂ ಬೆಳಕಿದೆ ಎಂದು 1801ರಲ್ಲಿ ಜರ್ಮನಿಯ ವಿಜ್ಞಾನಿ ರಿಟರ್ ತೋರಿಸಿದರು. ಬೆಳಕನ್ನು ಬಣ್ಣಗಳಾಗಿ ಒಡೆಯುವ ಗಾಜಿನ ಪಟ್ಟಕದಿಂದ ಬಿದ್ದ ಬಣ್ಣಗಳಲ್ಲಿ ನೇರಳೆ ಮುಗಿದು ಏನೂ ಕಾಣದ ಜಾಗದಲ್ಲೇ, ಬೆಳಕು ತಾಗಿದರೆ ಕಪ್ಪಾಗುವ ಬೆಳ್ಳಿಯ ಕ್ಲೋರೈಡ್ ಬೇಗ ಕಪ್ಪಾಗಿತ್ತು. ಅದು ನೇರಳಾತೀತ ಕಿರಣ. ವೆಲ್ಡಿಂಗ್ ಬೆಳಕಿನಲ್ಲಿ ಅದು ಹೇರಳ. ಬಿಸಿಲಿಗೆ ಚರ್ಮ ಕಂದಿದಂತೆ ಕಣ್ಣಿನ ಮುಂಭಾಗದ ತಿಳಿಪೊರೆಯನ್ನು ಸುಡುತ್ತದೆ. ಉರಿ ಶುರುವಾಗುವುದು ಕೆಲವು ಗಂಟೆ ಕಳೆದ ಮೇಲೆ. ಹಾಗಾಗಿ ನೋಡುವಾಗ ಮಕ್ಕಳಿಗೆ ಹೆದರಿಕೆಯೇ ಆಗುವುದಿಲ್ಲ.

ದಯವಿಟ್ಟು ಇಂಥ ಕಣ್ಣಿಗೆ ಎದೆಹಾಲು, ಹರಳೆಣ್ಣೆ ಬಿಡಬೇಡಿ, ಉಜ್ಜಲೂ ಬಿಡಬೇಡಿ. ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಿರಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಜಾತ್ರೆಯಲ್ಲಿ ಕೊಂಡ ಕಪ್ಪು ಕನ್ನಡಕ ಹಾಕಿಕೊಂಡು ವೆಲ್ಡಿಂಗ್ ನೋಡುವುದೂ ಬೇಡ, ಅದು ಸಾಲದು.

ಹಾಗೆಂದು ಮಕ್ಕಳನ್ನು ಬಿಸಿಲಿಗೇ ಬಿಡದೆ ಕೂರಿಸಬೇಡಿ. ಬಿಸಿಲಿನಲ್ಲೂ ಇರುವ ಇದೇ ನೇರಳಾತೀತ ಕಿರಣ ಚರ್ಮದಲ್ಲಿ ವಿಟಮಿನ್ ಡಿ ತಯಾರಿಸುವುದು, ಮೂಳೆಗೆ ಅದು ಬೇಕು. ಮುಚ್ಚಿದ ಕಿಟಕಿಯ ಗಾಜಿನ ಹಿಂದೆ ಕೂತರೆ ಸಿಗದು, ಬೇಕಾದ ಭಾಗವನ್ನು ಗಾಜು ತಡೆಯುತ್ತದೆ. ನೆತ್ತಿ ಸುಡುವ ಹೊತ್ತು ಬಿಟ್ಟು ಆಡಲಿ. ಕ್ರೀಡಾ ಅಭ್ಯಾಸವನ್ನು ಸಂಜೆ ನಾಲ್ಕಕ್ಕೆ ಬದಲಿಸಿದ್ದೇವೆ.

ನಿಮ್ಮಲ್ಲಿ ವೆಲ್ಡಿಂಗ್ ಕೆಲಸದವರು ಇದ್ದೀರಿ. ಶನಿವಾರ ಬೆಳಗ್ಗೆ ನಿಮ್ಮ ಮುಖಕವಚ ತಂದು ಮಕ್ಕಳಿಗೆ ಹಾಕಿ ತೋರಿಸುವಿರಾ? ನಾನು ಹೇಳುವುದಕ್ಕಿಂತ ನೀವು ಹೇಳಿದರೆ ಅವರು ಕೇಳುತ್ತಾರೆ.

ಇಂತಿ,
ಮುಖ್ಯೋಪಾಧ್ಯಾಯರು