ಗೆಳೆಯನಿಗೊಂದು ಪತ್ರ: ಗರಿ, ಬೂದಿ, ಹಸಿವು

ಪ್ರೀತಿಯ ಗೆಳೆಯಾ,

ನಮ್ಮ ಕಥೋಲಿಕರ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರಕ್ಕೆ, ಹಣೆಗೆ ಹಚ್ಚುವ ಬೂದಿ ಮಾಡುವ ಕೆಲಸ ನಿನ್ನ ಪಾಲಿಗೆ ಬಂತು ಅಂತ ಬರೆದಿದ್ದೀಯ. 2027ರಲ್ಲಿ ಅದು ಫೆಬ್ರವರಿ 10ಕ್ಕೇ ಬರುತ್ತದೆ, ಪಾಸ್ಖ ಹಬ್ಬ (ಈಸ್ಟರ್) ಮಾರ್ಚ್ 28ಕ್ಕೆ. ನಡುವೆ 46 ದಿನ. ಭಾನುವಾರಗಳಂದು ಉಪವಾಸವಿಲ್ಲ, ಆ ಆರನ್ನು ಕಳೆದರೆ ತಪಸ್ಸುಕಾಲದ ನಲವತ್ತು ದಿನ. ಬುಧವಾರ ಅಷ್ಟು ಬೇಗ ಬರುವುದರಿಂದ, ಕಳೆದ ವರ್ಷ ಗರಿಗಳ ಭಾನುವಾರದಂದು (ಈಸ್ಟರಿನ ಹಿಂದಿನ ಭಾನುವಾರ) ಜನ ಮನೆಗೆ ಒಯ್ದ ಗರಿಗಳನ್ನು ಜನವರಿಯಲ್ಲೇ ಮನೆಮನೆಯಿಂದ ತರಿಸಿಕೋ.

ಎರಡು ದಿನ ಬಿಸಿಲಿಗೆ ಹಾಕು. ತೆಂಗಿನ ಗರಿಯಾದರೆ ಕಡ್ಡಿ ಸೀಳಿ ತೆಗೆ, ಅದು ಸರಿಯಾಗಿ ಸುಡದೆ ಚೂರಾಗಿ ಉಳಿಯುತ್ತದೆ. ಹಳೆ ಕಬ್ಬಿಣದ ಬಾಣಲೆಯಲ್ಲಿ ಒಂದೊಂದೇ ಹಿಡಿ ಸುಡು. ಒಟ್ಟಿಗೆ ತುರುಕಿದರೆ ಗಾಳಿಯಾಡದೆ ಬರೀ ಹೊಗೆ. ಉರಿ ಇಳಿದ ಕೂಡಲೇ ಮುಚ್ಚಳ ಮುಚ್ಚು. ಪೂರ್ತಿ ಉರಿಯಲು ಬಿಟ್ಟರೆ ಬೆಳ್ಳಗಾಗಿ ಹಣೆಯ ಮೇಲೆ ಕಾಣುವುದೇ ಇಲ್ಲ. ಆರಿದ ಮೇಲೆ ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿ. ಒಂದು ಚಿಕ್ಕ ಬಟ್ಟಲು ಪುಡಿ ನೂರಾರು ಜನಕ್ಕೆ ಸಾಕು. ನೀರು ಹಾಕಿ ಮಾತ್ರ ಕಲಸಿಡಬೇಡ. ಬೂದಿನೀರು ಕ್ಷಾರ, ಪಾತ್ರೆಯ ಜಿಡ್ಡು ಬಿಡಿಸುವುದು ಅದೇ ಗುಣ. ಹಣೆಯ ಚರ್ಮವನ್ನೂ ಸುಡುತ್ತದೆ. ಆಶೀರ್ವದಿಸುವಾಗ ಚರ್ಚಿನ ಗುರುಗಳು ಚಿಮುಕಿಸುವ ನಾಲ್ಕು ಹನಿ ಸಾಕು.

ಇನ್ನು ನಿನ್ನ ಪ್ರಶ್ನೆ. ಅಂದೇ ಚರ್ಚಿನಲ್ಲಿ ಓದುವ, ಬೈಬಲಿನ ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯ 'ಉಪವಾಸ ಮಾಡುವಾಗ ಮುಖ ತೊಳೆದುಕೋ' ಅನ್ನುತ್ತದೆ, ಮರುಗಳಿಗೆಗೆ ಹಣೆಗೆ ಬೂದಿ! ಇದರಲ್ಲಿ ವಿರೋಧವಿಲ್ಲ. ಬೂದಿ ಉಪವಾಸದ ಬಿಲ್ಲೆಯಲ್ಲ, ನಾನೂ ಮಣ್ಣೇ ಅನ್ನುವ ಒಪ್ಪಿಗೆ. ಮನೆಗೆ ಬಂದು ತೊಳೆದುಕೊಂಡರೆ ಪಾಪವೇನಿಲ್ಲ. ಸೆಲ್ಫಿ ತೆಗೆದು ಸ್ಟೇಟಸ್ಸಿಗೆ ಹಾಕುವವರು ಆ ಅಧ್ಯಾಯವನ್ನು ಇನ್ನೊಮ್ಮೆ ಓದಲಿ.

ಕಡ್ಡಾಯ ಉಪವಾಸ ಎರಡೇ ದಿನ, ವಿಭೂತಿ ಬುಧವಾರ ಮತ್ತು ಯೇಸು ಶಿಲುಬೆಯಲ್ಲಿ ಸತ್ತ ನೆನಪಿನ ಶುಭ ಶುಕ್ರವಾರ. 18 ತುಂಬಿದವರಿಂದ 59ರವರೆಗೆ. ಒಂದು ಹೊತ್ತು ಹೊಟ್ಟೆ ತುಂಬ ಮುದ್ದೆ-ಸಾರು, ಉಳಿದೆರಡು ಹೊತ್ತು ಒಂದೆರಡು ಇಡ್ಲಿ, ಒಂದು ಲೋಟ ಗಂಜಿಯಷ್ಟು. ಆ ಎರಡೂ ಸೇರಿ ಒಂದು ಊಟದಷ್ಟಾಗಬಾರದು. 14 ತುಂಬಿದವರು ಆ ಬುಧವಾರವೂ ತಪಸ್ಸುಕಾಲದ ಶುಕ್ರವಾರಗಳಂದೂ ಮಾಂಸ ಬಿಡಬೇಕು. ಮೀನಿಗೆ ತಡೆಯಿಲ್ಲ ಅಂತ ಕರಾವಳಿಯಲ್ಲಿ ಅಂಜಲ್ ಫ್ರೈ ಮಾಡಿ ತಿಂದರೆ ನಿಯಮ ಮುರಿಯುವುದಿಲ್ಲ, ಆದರೆ ಕೋಳಿಗಿಂತ ದುಬಾರಿ ತಪಸ್ಸು ಅದು! ನಿನ್ನಮ್ಮನಿಗೆ ಸಕ್ಕರೆ ಕಾಯಿಲೆ. ಅವರು ಉಪವಾಸ ಮಾಡಬೇಕಿಲ್ಲ, ಹಾಗಂತ ಹೇಳಿ ಒಪ್ಪಿಸು.

ಇಷ್ಟೆಲ್ಲ ಮಾಡಿದರೂ ರಕ್ಷಣೆಯನ್ನು, ಅಂದರೆ ಪಾಪದಿಂದ ಬಿಡುಗಡೆಯನ್ನು, ಕೊಂಡುಕೊಂಡ ಹಾಗಾಗುವುದಿಲ್ಲ. ಶಿಲುಬೆಯಲ್ಲಿ ಆ ಸಾಲ ಆಗಲೇ ತೀರಿದೆ. ಹಸಿವು, ಆ ರಕ್ಷಣೆಯನ್ನು ಪಡೆಯಲು ಕೈ ಖಾಲಿ ಮಾಡಿಕೊಳ್ಳುವ ರೀತಿ. ಆದ್ದರಿಂದ ಶುಕ್ರವಾರ ಮಾಂಸ ಬಿಟ್ಟು ಉಳಿದ ದುಡ್ಡನ್ನು ಅಂದೇ ದಾನದ ಡಬ್ಬಿಗೆ ಹಾಕು. ತಿಂಗಳ ಲೆಕ್ಕಕ್ಕೆ ಬಿಟ್ಟರೆ ಮನೆಖರ್ಚಿನಲ್ಲಿ ಕರಗಿಹೋಗುತ್ತದೆ.

ಪಾಪನಿವೇದನೆಗೆ, ಅಂದರೆ ಗುರುಗಳ ಮುಂದೆ ತಪ್ಪು ಹೇಳಿಕೊಳ್ಳುವುದಕ್ಕೆ, ಪವಿತ್ರ ವಾರದವರೆಗೆ (ಈಸ್ಟರಿನ ಹಿಂದಿನ ವಾರ) ಕಾಯಬೇಡ. ಆಗ ಸಾಲು ಉದ್ದ, ಹಿಂದೆ ನಿಂತವರ ಅವಸರಕ್ಕೆ ಹೇಳಬೇಕಾದದ್ದೇ ನಾಲಿಗೆಯ ತುದಿಯಲ್ಲಿ ಉಳಿದುಬಿಡುತ್ತದೆ. ತಪಸ್ಸುಕಾಲದ ಮೂರನೇ ವಾರ ಹೋಗು, ಗುರುಗಳಿಗೂ ಬಿಡುವಿರುತ್ತದೆ.

ನಿನ್ನ ಗೆಳೆಯ