ಗೆಳೆಯನಿಗೊಂದು ಪತ್ರ: ಗಿಡ ನೋಡಿ ಬರೆದ ಚಿತ್ರ, ಚಿತ್ರ ನೋಡಿ ಬರೆದ ಚಿತ್ರ

ಪ್ರೀತಿಯ ಗೆಳೆಯಾ,

ಹಳೆಯ ಸಸ್ಯೌಷಧ ಗ್ರಂಥಗಳ ಚಿತ್ರಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಕೇಳಿದ್ದೀಯ. ಉತ್ತರವನ್ನು ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ, ಬೇಜಾರಾಗಬೇಡ.

ಚಿತ್ರಗಳ ಮೇಲೆ ಅನುಮಾನ ಹೊಸದೇನಲ್ಲ. ಕ್ರಿಸ್ತಶಕ ಮೊದಲನೇ ಶತಮಾನದಲ್ಲೇ ರೋಮಿನ ಲೇಖಕ ಪ್ಲಿನಿ ಈ ತಕರಾರು ಎತ್ತಿದ್ದ. ಬಣ್ಣಗಳು ಹಲವು, ಪ್ರತಿ ಮಾಡುವವರ ಕೈ ಹಲವು, ಗಿಡವೋ ಋತುವಿಗೊಂದು ರೂಪ ತಾಳುತ್ತದೆ, ಒಂದು ಚಿತ್ರ ಏನನ್ನು ತಾನೇ ತೋರಿಸೀತು ಎಂಬುದು ಅವನ ಪ್ರಶ್ನೆ. ಅದೇ ಕಾಲದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಸುಮಾರು 600 ಗಿಡಗಳ ಬಗ್ಗೆ ಐದು ಭಾಗಗಳಲ್ಲಿ ಬರೆದ. ಮೊಳಕೆ, ಹರೆಯ, ಬಾಡುವ ಹೊತ್ತು, ಮೂರನ್ನೂ ಕಣ್ಣಾರೆ ಕಾಣದವನಿಗೆ ಗಿಡ ಗೊತ್ತಾಗುವುದಿಲ್ಲ ಎಂದು ಪೀಠಿಕೆಯಲ್ಲೇ ಎಚ್ಚರಿಸಿದ. ಶೇಖರಣೆಯ ವಿಚಾರದಲ್ಲೂ ಅಷ್ಟೇ ಕಟ್ಟುನಿಟ್ಟು: ದ್ರವ ಔಷಧಿಗೆ ಬೆಳ್ಳಿ, ಗಾಜು ಅಥವಾ ಕೊಂಬಿನ ಪಾತ್ರೆ, ಕೊಬ್ಬು, ಮಜ್ಜೆಗೆ ತವರದ್ದು.

ಅವನಿಗೆ ಅಕಾರಾದಿ ಜೋಡಣೆ ಸೇರುತ್ತಿರಲಿಲ್ಲ. ಗುಣದಲ್ಲಿ ಹತ್ತಿರದ ಗಿಡಗಳು ಅದರಿಂದ ಚದುರಿಹೋಗುತ್ತವೆ ಎಂಬುದು ಆಕ್ಷೇಪ. ಆದರೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸುಮಾರು 512ರಲ್ಲಿ ಅನಿಕಿಯಾ ಜೂಲಿಯಾನಾ ಎಂಬ ರಾಜವಂಶದ ಹೆಣ್ಣುಮಗಳಿಗಾಗಿ ತಯಾರಾದ, ಅವನದೇ ಗ್ರಂಥದ ಭವ್ಯ ಹಸ್ತಪ್ರತಿ, ಈಗ ವಿಯೆನ್ನಾದಲ್ಲಿದೆಯಲ್ಲ ಅದು, ಅಕಾರಾದಿಯಲ್ಲೇ ಇದೆ. ಹುಡುಕುವುದು ಸುಲಭವಾಯಿತು, ಯಾವ ಗಿಡದ ಪಕ್ಕ ಯಾವುದನ್ನು ಇಟ್ಟಿದ್ದ ಎಂಬ ಅರಿವು ಕಳೆದುಹೋಯಿತು. ನನ್ನ ಮಟ್ಟಿಗೆ ಇದು ಚಿತ್ರದ ತಪ್ಪುಗಳಿಗಿಂತ ದೊಡ್ಡ ನಷ್ಟ.

ಮುದ್ರಣ ಬಂದಮೇಲೆ ಕತೆ ಬೇರೆ. ಮೈನ್ಸ್ ಪಟ್ಟಣದ ಪೀಟರ್ ಷೋಫರ್ 1485ರಲ್ಲಿ ಜರ್ಮನ್ ಭಾಷೆಯ ಔಷಧಿ ಗಿಡಗಳ ಪುಸ್ತಕವೊಂದನ್ನು ಅಚ್ಚು ಹಾಕಿದ. ಅದರ ಕೆಲವು ಚಿತ್ರಗಳು ಗಿಡವನ್ನೇ ಎದುರಿಗಿಟ್ಟುಕೊಂಡು ಬರೆದವು. ಅದೇ ವರ್ಷ ಆಗ್ಸ್‌ಬರ್ಗ್‌ನಲ್ಲಿ ಬೇರೊಬ್ಬ ಮುದ್ರಕ ಅದನ್ನು ನಕಲು ಹೊಡೆದ, ಚಿತ್ರಗಳು ಒರಟಾದವು. ಇಂಥ ನಕಲು ಪತ್ತೆಹಚ್ಚಲು ಒಂದು ಉಪಾಯ ಹೇಳುತ್ತೇನೆ. ಅಚ್ಚಾದ ಚಿತ್ರವನ್ನು ಹಾಗೆಯೇ ಮರದ ಹಲಗೆಗೆ ಇಳಿಸಿ ಕೆತ್ತಿದರೆ ಮುದ್ರಣದಲ್ಲಿ ಎಡಬಲ ಅದಲುಬದಲಾಗುತ್ತದೆ. ಆದ್ದರಿಂದ ಬಳ್ಳಿಗಳನ್ನು ನೋಡು. ಕೋಲಿನ ಮುಂಭಾಗದಲ್ಲಿ ಕಾಣುವ ಸುತ್ತು ಹಾಪ್ ಬಳ್ಳಿಯಲ್ಲಿ ಎಡಕ್ಕೆ ಓರೆಯಾಗಿ ಏರಬೇಕು, ಬೈಂಡ್‌ವೀಡ್ ಎಂಬ ಕಳೆಬಳ್ಳಿಯಲ್ಲಿ ಬಲಕ್ಕೆ. ತಿರುಗಾಮುರುಗಾ ಇದ್ದರೆ ಕೆತ್ತುವವನು ಗಿಡ ನೋಡಿಲ್ಲ, ಪುಟ ನೋಡಿದ್ದಾನೆ ಎಂದು ಅನುಮಾನಿಸು. ಬಣ್ಣದ ಮಾತಿಗಂತೂ ಬೆಲೆ ಕೊಡಬೇಡ. ಅದನ್ನು ಆಮೇಲೆ ಕೈಯಿಂದ ತುಂಬುತ್ತಿದ್ದರು, ತುಂಬಿದವರು ಆ ಹೂವನ್ನು ಕಂಡಿರಬೇಕೆಂದೇನೂ ಇಲ್ಲ. ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಕಾಲಕ್ರಮೇಣ ಕಂದಾಗಿ ಕಾಗದವನ್ನೇ ತಿಂದುಹಾಕುತ್ತದೆ.

ಇನ್ನು ಇಬ್ಬರು ಘಟಾನುಘಟಿಗಳು, ಜರ್ಮನಿಯ ಸಸ್ಯಶಾಸ್ತ್ರಜ್ಞರಾದ ಬ್ರುನ್‌ಫೆಲ್ಸ್ ಮತ್ತು ಫುಕ್ಸ್. 1530ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಹೊರಬಂದ ಬ್ರುನ್‌ಫೆಲ್ಸ್‌ನ ಪುಸ್ತಕಕ್ಕೆ ಹಾನ್ಸ್ ವೈಡಿಟ್ಜ್ ಚಿತ್ರ ಬರೆದ. ಬಾಡಿದ ಎಲೆ, ಹುಳು ತಿಂದ ಅಂಚು, ಮುರಿದ ದಂಟು, ಕಂಡದ್ದನ್ನು ಕಂಡ ಹಾಗೇ ಇಳಿಸಿದ. 1542ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಫುಕ್ಸ್‌ನ ಪುಸ್ತಕದಲ್ಲಿ 500ಕ್ಕೂ ಹೆಚ್ಚು ಚಿತ್ರಗಳು. ಅಲ್ಲಿ ಒಂದೇ ಗಿಡದಲ್ಲಿ ಹೂವೂ ಕಾಯೂ ಒಟ್ಟಿಗೆ ಇರುತ್ತವೆ, ನೆಲದಲ್ಲಿ ಹಾಗೆ ಸಿಗದಿದ್ದರೂ. ಪ್ಲಿನಿಯ ತಕರಾರಿಗೆ ಫುಕ್ಸ್ ಕೊಟ್ಟ ಉತ್ತರ ಅದು ಎನ್ನುವುದು ನನ್ನ ಓದು. ಗಿಡ ಕೀಳಲು ಹೊರಟವನಿಗೆ ಫುಕ್ಸ್‌ನ ಚಿತ್ರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನೀನು ವೈಡಿಟ್ಜ್ ಪಕ್ಷ ಎಂದು ಗೊತ್ತು.

ಚಿತ್ರ ಸರಿಯಿದ್ದೂ ಪುಸ್ತಕ ದಾರಿ ತಪ್ಪುವುದುಂಟು. ಫುಕ್ಸ್ ಮೆಣಸಿನಕಾಯಿಯನ್ನು ಚೆನ್ನಾಗಿ ತೋರಿಸಿ, ಅಮೆರಿಕದಿಂದ ಬಂದ ಗಿಡಕ್ಕೆ ಕಲ್ಲಿಕೋಟೆಯ ಮೆಣಸೆಂಬ ಹೆಸರಿಟ್ಟ. ಬ್ರುನ್‌ಫೆಲ್ಸ್ ಮೆಡಿಟರೇನಿಯನ್ ತೀರದ ಗಿಡಗಳ ಹಳೆಯ ವರ್ಣನೆ ಹಿಡಿದು ರೈನ್ ನದಿಯ ದಂಡೆಯಲ್ಲಿ ಹುಡುಕಿದ. ಹಳೆಯ ಗ್ರಂಥಗಳಲ್ಲಿ ಜಾಗ ಸಿಗದ ಗಿಡಗಳನ್ನು ಬೆತ್ತಲೆ ಗಿಡಗಳೆಂದು ಕರೆದ. ಗಿಡ ಕಣ್ಣೆದುರು ಹೂಬಿಟ್ಟು ನಿಂತಿದೆ, ಪುಸ್ತಕದಲ್ಲಿ ಇಲ್ಲದ್ದರಿಂದ ಅದಕ್ಕೆ ಮರ್ಯಾದೆ ಇಲ್ಲ!

ಇತ್ತೀಚೆಗೆ ನನ್ನನ್ನು ಕಾಡುತ್ತಿರುವುದು ಇದು. ಇವನ್ನೆಲ್ಲ ನಾವು ಸುಂದರ ಪುಟಗಳೆಂದು ಕೊಂಡಾಡುತ್ತೇವೆ, ಆದರೆ ಇವು ಕಾಯಿಲೆ ಬಿದ್ದವರ ಬಾಯಿಗೆ ಔಷಧಿ ಹಾಕಲು ಇದ್ದ ಪುಸ್ತಕಗಳು. ಮನುಷ್ಯನ ಆಕಾರವಿದೆ ಎಂದು ಹೆಸರಾದ, ಮತ್ತು ಬರಿಸುವ ಮ್ಯಾಂಡ್ರೇಕ್ ಗಿಡದ ಬೇರನ್ನು ದ್ರಾಕ್ಷಾರಸದಲ್ಲಿ ಮೂರನೇ ಒಂದು ಪಾಲಾಗುವವರೆಗೆ ಕುದಿಸಿ, ಸೋಸಿ, ರೋಗಿಯ ಶಸ್ತ್ರಚಿಕಿತ್ಸೆಗೆ ಮೊದಲು ಒಂದು ಕಿಯಾಥಸ್, ಅಂದರೆ ಸುಮಾರು 45 ಮಿಲಿಲೀಟರ್, ಕುಡಿಸು ಎನ್ನುತ್ತಾನೆ ಡಯಾಸ್ಕೊರಿಡೀಸ್. ಬೇರು ಸಣ್ಣದೋ ದೊಡ್ಡದೋ, ಹಸಿಯೋ ಒಣಗಿದ್ದೋ, ಅದರ ಮೇಲೆ ವಿಷದ ತೀವ್ರತೆ ಬದಲಾಗುತ್ತದೆ. ಲೋಟದ ಅಳತೆಗೆ ಅದು ತಿಳಿಯದು. ಮುಂದೆ ಯುರೋಪಿನ ಔಷಧಿ ಚೀಟಿಗಳಲ್ಲಿ ಡ್ರಾಮ್ ಮತ್ತು ಔನ್ಸ್ ಎಂಬ ತೂಕಗಳ ಗುರುತುಗಳು ಒಂದೇ ಥರ ಬಂದವು, ಔನ್ಸಿಗೆ ತಲೆಯ ಮೇಲೆ ಒಂದು ಗೀಟು ಹೆಚ್ಚು. ಎಂಟು ಡ್ರಾಮ್ ಸೇರಿದರೆ ಒಂದು ಔನ್ಸ್. ಆ ಒಂದು ಗೀಟು ಜಾಸ್ತಿಯಾದರೆ ಔಷಧಿ ಎಂಟು ಪಟ್ಟು. ಕುಡಿದವರ ಹೆಸರು ಯಾವ ಪುಟದ ಅಂಚಿನಲ್ಲೂ ಇಲ್ಲ. ಇಷ್ಟು ತಿಳಿದಮೇಲೂ ಈ ಪುಸ್ತಕಗಳ ಮೇಲಿನ ನನ್ನ ಪ್ರೀತಿ ಕೂದಲೆಳೆಯಷ್ಟೂ ತಗ್ಗುವುದಿಲ್ಲ. ತಗ್ಗಬೇಕಿತ್ತಲ್ಲವೇ? ಚಿತ್ರ ಚೆನ್ನಾಗಿದ್ದರೆ ಮಿಕ್ಕದ್ದನ್ನೆಲ್ಲ ಮನಸ್ಸು ಮನ್ನಿಸಿಬಿಡುತ್ತದೆ ಎಂಬುದೇ ನನಗೆ ಭಯ. ಇದನ್ನು ಇಷ್ಟು ಜನರ ಮುಂದೆ ಬರೆಯುವ ಯೋಚನೆ ಇರಲಿಲ್ಲ.

ಸಾಕು ಬಿಡು, ಪತ್ರ ಕಷಾಯದ ಹಾಗೆ ಕಹಿಯಾಗುತ್ತಿದೆ. ಮ್ಯಾಂಡ್ರೇಕ್ ಬೇರಿಗೆ ಗಡ್ಡ ಬರೆದವರ ಪರವಾಗಿ ನೀನು ಹೂಡಿರುವ ವಾದವನ್ನು ಆದಷ್ಟು ಬೇಗ ಬರೆದು ಕಳಿಸು. ಇಲ್ಲಿ ಓದುತ್ತಿರುವವರು ತೀರ್ಪು ಕೊಡಲಿ. ವೈಡಿಟ್ಜ್ ಪಕ್ಷದವರಿಗೆ ಎರಡು ಓಟು ಕೊಡುವುದಿಲ್ಲ.

ನಿನ್ನ,
ಫುಕ್ಸ್ ಪಕ್ಷದವನು